ಹನ್ನೊಂದು ಯೂನಿಟ್

ಸುಬ್ಬಯ್ಯನವರು ಕೆಟ್ಟ ಮನುಷ್ಯ ಅಂತ ಯಾರಾದರೂ ಒಬ್ಬರು ಹೇಳಿದ್ದರೆ ನನ್ನ ಹೊಟ್ಟೆಯ ಉರಿ ಸ್ವಲ್ಪವಾದರೂ ತಣ್ಣಗಾಗುತ್ತಿತ್ತು. ಯಾರೂ ಹೇಳುವುದಿಲ್ಲ. ಜಯಪುರದ ಬಸ್ ನಿಲ್ದಾಣದಿಂದ ನಾಲ್ಕು ಅಂಗಡಿ ದಾಟಿದರೆ ಅವರ ಮೆಡಿಕಲ್ ಶಾಪು. ಅಲ್ಲಿ ನಿಂತು ಯಾರನ್ನು ಬೇಕಾದರೂ ಕೇಳಿ. ಜ್ವರ ಬಂದ ಮಗುವಿಗೆ ದುಡ್ಡು ಕೇಳದೆ ಔಷಧಿ ಕೊಟ್ಟದ್ದನ್ನು ಹೇಳುತ್ತಾರೆ. ಬಾಗಿಲು ಹಾಕಿ ಮನೆ ಸೇರಿದವರು ಒಂದು ಫೋನಿಗೆ ಎದ್ದು ಬಂದು ಶಟರ್ ಎತ್ತಿದ್ದನ್ನು ಹೇಳುತ್ತಾರೆ. ಓದಲು ಬಾರದ ಮುದುಕರಿಗೆ ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು ಎಂದು ತಿಳಿಯಲಿ ಅಂತ ಪೊಟ್ಟಣದ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡುತ್ತಿದ್ದುದನ್ನು ಹೇಳುತ್ತಾರೆ. ಎಲ್ಲವೂ ನಿಜ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ನನ್ನ ಹೆಸರು ಹರೀಶ. ಜಯಪುರ, ಭಂಡಿಗಡಿ, ಆಸುಪಾಸಿನ ಹಳ್ಳಿಗಳಲ್ಲಿ ಕರೆಂಟ್ ಮೀಟರ್ ಓದಿ ಬಿಲ್ ಹರಿದುಕೊಡುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಗುತ್ತಿಗೆಯಲ್ಲೇ ಇದ್ದೇನೆ. ತಿಂಗಳಿಗೊಮ್ಮೆ ಪ್ರತಿ ಮನೆ, ಪ್ರತಿ ಅಂಗಡಿಯೊಳಗೆ ಇಣುಕುವವನಿಗೆ ಗೊತ್ತಾಗದ ಸಂಗತಿ ಕಡಿಮೆ. ಯಾರ ಮನೆಗೆ ಹೊಸ ಗೀಸರ್ ಬಂತು, ಯಾರ ಅಂಗಡಿಯಲ್ಲಿ ವ್ಯಾಪಾರ ಬಿದ್ದುಹೋಯಿತು, ಎಲ್ಲ ಆ ಅಂಕಿಗಳಲ್ಲೇ ಕಾಣುತ್ತದೆ. ಬಿಲ್ ಕೊಟ್ಟು ಸುಮ್ಮನೆ ಹೋಗುವ ಜಾಯಮಾನ ನನ್ನದಲ್ಲ. ಈ ಸಲ ಯಾಕೆ ಜಾಸ್ತಿ ಬಂತು, ಯಾವುದು ಎಷ್ಟು ತಿನ್ನುತ್ತದೆ ಅಂತ ನಾಲ್ಕು ಮಾತು ಹೇಳಿಯೇ ಹೋಗುವುದು. ಜನ ಕೇಳುತ್ತಿದ್ದರು. ಕೇಳಿದ್ದಕ್ಕೆ ನನಗೂ ಸ್ವಲ್ಪ ತಲೆ ತಿರುಗಿತ್ತು.

ಸುಬ್ಬಯ್ಯನವರ ಮೂಲ ಮನೆ ಭಂಡಿಗಡಿಯ ಹತ್ತಿರ. ಅಪ್ಪನಿಗೆ ಇದ್ದ ಒಂದೆಕರೆ ಗದ್ದೆಯನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಯಾರದೋ ಔಷಧಿ ಅಂಗಡಿಯಲ್ಲಿ ನಿಂತು ಕೆಲಸ ಕಲಿತು, ಆಮೇಲೆ ಶಿವಮೊಗ್ಗದಲ್ಲಿ ಡಿಪ್ಲೊಮಾ ಮುಗಿಸಿ, ಇಪ್ಪತ್ತೆಂಟು ವರ್ಷದ ಹಿಂದೆ ಈ ಅಂಗಡಿ ಹಾಕಿದರು. ಅರವತ್ತು ದಾಟಿದೆ. ಹೆಂಡತಿ ನೀಲಾಂಬಿಕೆ ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಪಾರ್ಸೆಲ್ಲಿಗೆ ಸುತ್ತಿ ಬಂದ ದಾರವನ್ನು ಉಂಡೆ ಕಟ್ಟಿ ಇಡುವರು, ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಮಾತ್ರೆಯ ಪೊಟ್ಟಣ ಮಾಡುವರು. ಜಿಪುಣರು ಅಂದರೆ ತಪ್ಪಾಗುತ್ತದೆ. ಜಿಪುಣ ಬೇರೆಯವರಿಗೆ ಕೊಡುವಾಗ ಕೈ ಹಿಡಿಯುತ್ತಾನೆ. ಇವರು ಕೈ ಹಿಡಿಯುತ್ತಿದ್ದದ್ದು ತಮಗೆ ಖರ್ಚು ಮಾಡಿಕೊಳ್ಳುವಾಗ ಮಾತ್ರ.

ಅವರಿಗೆ ಊರಿನಲ್ಲಿ ಹೆಸರು ಬಂದದ್ದು ಕೊರೋನಾಕ್ಕಿಂತ ಒಂದು ವರ್ಷ ಹಿಂದಿನ ಮಳೆಗಾಲದಲ್ಲಿ. ಮರ ಬಿದ್ದು, ಕಂಬ ಮುರಿದು, ಐದು ದಿನ ಕರೆಂಟೇ ಇಲ್ಲ. ಅಂಗಡಿಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಇತ್ತು. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಆ ಔಷಧಿ ತಂಪಿನಲ್ಲೇ ಇರಬೇಕು, ಬೆಚ್ಚಗಾದರೆ ದಿನಗಳಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಸುಬ್ಬಯ್ಯನವರು ಸ್ಕೂಟರಿನಲ್ಲಿ ಕೊಪ್ಪಕ್ಕೆ ಹೋಗಿ, ಜನರೇಟರ್ ಇದ್ದ ಐಸ್‌ಕ್ರೀಮ್ ಅಂಗಡಿಯಲ್ಲಿ ನೀರಿನ ಬಾಟಲಿಗಳನ್ನು ಗಟ್ಟಿ ಮಾಡಿಸಿ ತಂದರು. ಬಾಟಲಿಗಳನ್ನು ಫ್ರಿಜ್ಜಿನೊಳಗೆ ನಿಲ್ಲಿಸಿ, ಇನ್ಸುಲಿನ್ ಪೆಟ್ಟಿಗೆಗಳನ್ನು ನೀಲಾಂಬಿಕೆಯವರ ಹಳೆ ಸೀರೆಯಲ್ಲಿ ನಾಲ್ಕು ಮಡಿಕೆ ಸುತ್ತಿ ಮಧ್ಯೆ ಇಟ್ಟರು. ಐದು ದಿನವೂ ದಿನಕ್ಕೆರಡು ಸಲ ಹಾಗೆ ಹೋಗಿ ಬಂದರು. ಒಂದು ಸೀಸೆಯೂ ಹಾಳಾಗಲಿಲ್ಲ. ಆ ಮಳೆಯಲ್ಲಿ ಔಷಧಿಗೆ ಅಂತ ಅಡ್ಡಗದ್ದೆಯ ಕಡೆಯಿಂದಲೂ ಜನ ಇವರ ಅಂಗಡಿಗೇ ಬಂದರು.

ನನಗೆ ಆ ವಿಷಯ ಚೆನ್ನಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಆ ಪೆಟ್ಟಿಗೆಗಳಲ್ಲಿ ಎರಡು ನನ್ನ ಮಗಳದ್ದು.

ನಿಶ್ಚಿತಾಳಿಗೆ ಎಂಟನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ತಿಂದು ದಪ್ಪಗಾದವರಿಗೆ ಬರುವ ಕಾಯಿಲೆಯಲ್ಲ ಅದು. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವಂಥದ್ದು. ಬೆಳಿಗ್ಗೆ ಒಂದು, ಸಂಜೆ ಒಂದು ಚುಚ್ಚಬೇಕು. ಚುಚ್ಚದಿದ್ದರೆ ವಾರವೂ ಬದುಕುವುದಿಲ್ಲ ಎಂದು ಡಾಕ್ಟರು ನನ್ನನ್ನೂ ನನ್ನ ಹೆಂಡತಿ ಭವ್ಯಳನ್ನೂ ಕೂರಿಸಿಕೊಂಡು ಹೇಳಿದ್ದರು. ಆ ಐದು ದಿನದ ಮಳೆಯಲ್ಲಿ ಸುಬ್ಬಯ್ಯನವರ ಕೈಯಿಂದ ಪೆಟ್ಟಿಗೆ ಇಸಿದುಕೊಂಡಾಗ ನಾನು ಅವರ ಕಾಲು ಮುಟ್ಟಲು ಹೋಗಿದ್ದೆ. ಅವರು ಹಿಂದೆ ಸರಿದು, "ಎಂತ ಮಾರಾಯ ಇದು, ನಾ ಎಂತ ದೇವ್ರಾ? ಅಂಗ್ಡಿ ಇಟ್ಕೊಂಡವ್ನು ಮಾಡ್ಬೇಕಾದ್ದು ಮಾಡಿದೀನಿ," ಅಂದರು.

ಎರಡು ವರ್ಷದ ಹಿಂದೆ ಕೊಪ್ಪದಲ್ಲಿ ಹೊಸದೊಂದು ದೊಡ್ಡ ಔಷಧಿ ಅಂಗಡಿ ಆಯಿತು. ಗಾಜಿನ ಬಾಗಿಲು, ಎ.ಸಿ., ಎಲ್ಲದರ ಮೇಲೂ ನೂರಕ್ಕೆ ಇಪ್ಪತ್ತು ಕಡಿತ. ಸೂರ್ಯ ಚಂದ್ರರ ಪೊಟ್ಟಣ ಹಿಡಿದುಕೊಂಡು ಹೋಗುತ್ತಿದ್ದವರೇ ಬಸ್ ಹತ್ತಿ ಅಲ್ಲಿಗೆ ಹೋಗತೊಡಗಿದರು. ಉಳಿದ ಗಿರಾಕಿಗಳಿಗಾದರೂ ಹತ್ತು ಪರ್ಸೆಂಟ್ ಬಿಡಬೇಕು ಎಂದರೆ ಖರ್ಚು ಎಲ್ಲಾದರೂ ಇಳಿಯಬೇಕು. ಬಾಡಿಗೆ ಇಳಿಯುವುದಿಲ್ಲ. ಕೆಲಸದವರು ಇಲ್ಲವೇ ಇಲ್ಲ. ಉಳಿದದ್ದು ನಾನು ಕೊಡುವ ಚೀಟಿ.

"ಹರೀಶ, ಇದು ಇನ್ನೂರ ಎಂಬತ್ತಾರು ಯೂನಿಟ್ ಎಲ್ಲಿ ಹೋಯ್ತದೆ ಮಾರಾಯ? ನಾನೊಬ್ನೇ ಕೂತಿರೋ ಅಂಗ್ಡಿ," ಅಂತ ಒಂದು ದಿನ ಕೇಳಿದರು.

ಕೇಳಬೇಕೇ? ನಾನು ಚೀಲ ಕೆಳಗಿಟ್ಟು ಅಂಗಡಿಯೊಳಗೆ ಹತ್ತಿದೆ. ಆರು ಹಳೆ ಟ್ಯೂಬ್‌ಲೈಟು ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿದ್ದವು, ಅವನ್ನು ತೆಗೆಸಿ ಎಲ್‌ಇಡಿ ಹಾಕಿಸಿದೆ. ಹಿಂದಿನ ಗೋದಾಮಿನ ಕೋಣೆಗೆ ಹಗಲೂ ದೀಪ ಬೇಕಿತ್ತು. ಮಾಡಿನ ಎರಡು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಲು ಹೇಳಿದೆ. ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಮುಚ್ಚಿ ಎಳೆದು ತೋರಿಸಿದೆ. ನೋಟು ಸಲೀಸಾಗಿ ಜಾರಿ ಬಂತು, ಅಂದರೆ ರಬ್ಬರ್ ಸತ್ತಿದೆ, ತಂಪೆಲ್ಲ ಹೊರಗೆ ಸೋರುತ್ತಿದೆ. ರಬ್ಬರ್ ಬದಲಾಯಿತು. ಹಿಂಬದಿಯ ಧೂಳು ಹೊಡೆದು, ಗೋಡೆಯಿಂದ ಒಂದು ಗೇಣು ಮುಂದೆ ಎಳೆದೆವು. ನೂರ ಎಪ್ಪತ್ತೊಂದಕ್ಕೆ ಬಂತು. ಆಮೇಲೆ ನೂರ ಮೂವತ್ತೆರಡು. ಹೊರಗಿನ ಬೋರ್ಡಿನ ದೀಪ ಆರಿಸಿದ ಮೇಲೆ ನೂರ ಎಂಟು.

ಇಷ್ಟರವರೆಗೆ ನಾವು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಇವತ್ತಿಗೂ ಯಾರು ಕೇಳಿದರೂ ಅಷ್ಟನ್ನೂ ಮಾಡಿ ಎಂದೇ ಹೇಳುತ್ತೇನೆ. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಸುಬ್ಬಯ್ಯನವರಿಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಜೀವಮಾನವಿಡೀ ದಾರ ಸುತ್ತಿ ಇಟ್ಟ ಮನುಷ್ಯನಿಗೆ ಅಳೆದು ತೋರಿಸುವ ಯಂತ್ರವೊಂದು ಸಿಕ್ಕಿತ್ತು. ನಾನು ಬರುವ ದಿನ ಬೆಳಿಗ್ಗೆಯೇ ಮೀಟರ್ ನೋಡಿ ಲೆಕ್ಕ ಹಾಕಿಕೊಂಡು ಕಾಯುತ್ತಿದ್ದರು. ನಾನೋ, ಆ ಹುಮ್ಮಸ್ಸಿಗೆ ಇನ್ನಷ್ಟು ಗಾಳಿ ಹಾಕಿದೆ.

"ಎರಡಂಕಿಗೆ ತಂದುಬಿಡಿ ಸುಬ್ಬಯ್ಯನೋರೆ. ನೂರರ ಒಳಗೆ ಬಂದ ದಿನ ನಾನೇ ಕಾಫಿ ಕುಡಿಸ್ತೀನಿ."

"ಇನ್ನು ಎಂತ ಉಳ್ದಿದೆ ಆರ್ಸಕ್ಕೆ? ನನ್ನನ್ನೇ ಆರಿಸ್ಬೇಕಷ್ಟೆ."

"ಫ್ರಿಜ್ ಇದೆಯಲ್ಲ. ಈಗ ನಿಮ್ಮ ಅಂಗ್ಡೀಲಿ ಅರ್ಧ ಕರೆಂಟ್ ತಿನ್ನೋದು ಅದೊಂದೇ," ಅಂದೆ ನಾನು.

ಬೆರಳು ಮಾಡಿ ತೋರಿಸಿದ್ದೂ ನೆನಪಿದೆ. ಮೂಲೆಯಲ್ಲಿ ತಿಳಿ ನೀಲಿ ಬಣ್ಣದ ಆ ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಅದರೊಳಗೆ ನನ್ನ ಮಗಳ ಔಷಧಿಯೂ ಇದೆ ಎನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿರಲಿಲ್ಲ. ಅಂಕಿ ಇತ್ತು, ಅಷ್ಟೇ.

ಮುಂದಿನ ತಿಂಗಳು ಅವರು ಬಾಗಿಲಲ್ಲೇ ನಿಂತಿದ್ದರು. ತೊಂಬತ್ತೇಳು. ಮುಖದಲ್ಲಿ ಮದುವೆ ಮನೆಯ ಕಳೆ. ಹೇಗೆ ಮಾಡಿದಿರಿ ಅಂದರೆ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಹನ್ನೆರಡು ನೀರಿನ ಬಾಟಲಿ. ಹಗಲು ಮೇಲಿನ ಫ್ರೀಜರಿನಲ್ಲಿ ಅವು ಕಲ್ಲಿನಂತೆ ಗಟ್ಟಿಯಾಗುತ್ತವೆ. ಸಂಜೆ ಅಂಗಡಿ ಮುಚ್ಚುವಾಗ ಅವನ್ನು ಕೆಳಗಿನ ಅರೆಗಳಿಗೆ ಇಳಿಸಿ, ಔಷಧಿಯ ನಡುನಡುವೆ ನಿಲ್ಲಿಸಿ, ಫ್ರಿಜ್ ಆರಿಸಿ ಹೋಗುವುದು. ಬೆಳಿಗ್ಗೆ ಬಂದು ಹಾಕುವುದು. ರಾತ್ರಿಯೆಲ್ಲ ಕರೆಂಟಿಲ್ಲದೆ ತಂಪು.

"ಆ ಮಳೆಗಾಲದಲ್ಲಿ ಐದು ದಿನ ಕಾಪಾಡಿದ ಉಪಾಯ ಅಲ್ದಾ? ಅವತ್ತು ಗತಿ ಇಲ್ದೆ ಮಾಡಿದ್ದು. ದಿನಾ ಮಾಡಿದ್ರೆ ಎಂತ ಅಂತ ಹೊಳೀತು ನೋಡು. ನಮ್ಮೂರಿನ ತಂಡಿಗೆ ಇದು ಬೇಕಾದಷ್ಟಾಯ್ತು."

ಬಾಗಿಲಿನ ಅರೆಯಲ್ಲಿ ಸಣ್ಣದೊಂದು ಥರ್ಮಾಮೀಟರ್ ಇಟ್ಟಿದ್ದರು. ಬೆಳಿಗ್ಗೆ ಬಂದು ನೋಡಿದರೆ ಆರೋ ಏಳೋ ಡಿಗ್ರಿ, ಎರಡರಿಂದ ಎಂಟರ ಒಳಗೇ ಇರುತ್ತದೆ ಎಂದು ಹೆಮ್ಮೆಯಿಂದ ಹೇಳಿದರು. ನಾನು ಶಭಾಷ್ ಅಂದೆ. ಪಕ್ಕದ ಹೋಟೆಲಿನಲ್ಲಿ ಕಾಫಿ, ಬನ್ಸ್ ಕೊಡಿಸಿದೆ. ಹೋಟೆಲಿನವರಿಗೂ, ಎದುರಿನ ಬೇಕರಿಯವರಿಗೂ, ಆ ವಾರ ಹೋದ ಕಡೆಯೆಲ್ಲ ಸುಬ್ಬಯ್ಯನವರ ಬುದ್ಧಿಯನ್ನು ಹೊಗಳಿದೆ. ಆ ಮಳೆಯಲ್ಲಿ ಐಸು ನೇರ ತಾಗದ ಹಾಗೆ ಪೆಟ್ಟಿಗೆಗಳಿಗೆ ಸುತ್ತಿದ್ದ ಸೀರೆ ಈಗ ಎಲ್ಲಿ ಅಂತ ನಾನೂ ಕೇಳಲಿಲ್ಲ, ಅವರಿಗೂ ಹೊಳೆಯಲಿಲ್ಲ. ಐದು ದಿನವಾದರೆ ಸುತ್ತಬಹುದು. ದಿನಾ ಸಂಜೆ ಬಾಗಿಲು ಹಾಕುವ ಗಡಿಬಿಡಿಯಲ್ಲಿ ಯಾರು ಸುತ್ತುತ್ತಾರೆ?

ಇನ್ಸುಲಿನ್ ಬೆಚ್ಚಗಾದರೆ ನಿಧಾನವಾಗಿ ಕೆಡುತ್ತದೆ. ಹೆಪ್ಪುಗಟ್ಟಿದರೆ ಒಂದೇ ರಾತ್ರಿಗೆ ಬಹುಪಾಲು ಸಾಯುತ್ತದೆ. ಕರಗಿದ ಮೇಲೆ ಮತ್ತೆ ಮೊದಲಿನ ಹಾಗೇ ಬೆಳ್ಳಗೆ ಕಾಣುತ್ತದೆ, ಗುರುತು ಹಿಡಿಯುವುದು ಕಷ್ಟ. ಇದನ್ನು ನಾನು ಕಲಿತದ್ದು ಆಮೇಲೆ. ಸುಬ್ಬಯ್ಯನವರು ಓದಿಯೇ ಪಾಸಾದವರು, ಪೆಟ್ಟಿಗೆಯ ಮೇಲೂ ಅಚ್ಚಾಗಿರುತ್ತದೆ. ಆದರೆ ಅವರ ಮನಸ್ಸಿನಲ್ಲಿ ಇನ್ಸುಲಿನ್ನಿಗೆ ಶತ್ರು ಎಂದರೆ ಸೆಖೆ. ಕರೆಂಟ್ ಹೋಗುವ ಊರಿನಲ್ಲಿ ಇಪ್ಪತ್ತೆಂಟು ವರ್ಷ ಸೆಖೆಗೇ ಹೆದರಿ ಬದುಕಿದವರಿಗೆ ತಂಪು ಹೆಚ್ಚಾದರೂ ಕೆಡುಕು ಎಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ.

ನಿಶ್ಚಿತಾ ಆಗ ಒಂಬತ್ತನೇ ಕ್ಲಾಸು. ಅವಳೇ ಅಳೆದುಕೊಂಡು ಅವಳೇ ಚುಚ್ಚಿಕೊಳ್ಳುತ್ತಿದ್ದಳು. ಬಾಟಲಿಗಳ ಉಪಾಯ ಶುರುವಾದ ತಿಂಗಳೇ ಅವಳ ಸಕ್ಕರೆ ಏರತೊಡಗಿತು. ಇನ್ನೂರೈವತ್ತು, ಮುನ್ನೂರು, ಮುನ್ನೂರ ಎಂಬತ್ತು. ಕೊಪ್ಪದ ಡಾಕ್ಟರಿಗೆ ಫೋನು ಮಾಡಿದರೆ ಡೋಸ್ ಎರಡು ಪಾಯಿಂಟ್ ಏರಿಸಲು ಹೇಳಿದರು. ಏರಿಸಿದೆವು. ಇಳಿಯಲಿಲ್ಲ. ಮತ್ತೆ ಏರಿಸಿದೆವು. ಹುಡುಗಿ ತಂಬಿಗೆಗಟ್ಟಲೆ ನೀರು ಕುಡಿಯುವಳು, ಶಾಲೆಯಿಂದ ಬಂದರೆ ಚೀಲ ಎಸೆದು ಮಲಗಿಬಿಡುವಳು. ಲಂಗದ ಸೊಂಟಕ್ಕೆ ಭವ್ಯ ಪಿನ್ನು ಹಾಕಿಕೊಡಬೇಕಾಯಿತು.

ನಮಗೆ ಬಂದ ಅನುಮಾನ ಒಂದೇ. ಕದ್ದು ತಿನ್ನುತ್ತಿದ್ದಾಳೆ. ಅದಕ್ಕೆ ಕಾರಣವೂ ಇತ್ತು. ಅದಕ್ಕೂ ಎರಡು ವರ್ಷ ಮೊದಲು ಗೆಳತಿಯ ಹುಟ್ಟುಹಬ್ಬದಲ್ಲಿ ಕೇಕು ತಿಂದು, ಇಲ್ಲ ಎಂದು ಸುಳ್ಳು ಹೇಳಿ, ಆಮೇಲೆ ಅತ್ತುಕೊಂಡು ಒಪ್ಪಿಕೊಂಡಿದ್ದಳು. ಮಕ್ಕಳ ಒಂದು ಸುಳ್ಳನ್ನು ದೊಡ್ಡವರು ಎಷ್ಟು ವರ್ಷ ಬೇಕಾದರೂ ಜೋಪಾನ ಮಾಡಿ ಇಟ್ಟುಕೊಳ್ಳುತ್ತಾರೆ. ಭವ್ಯ ಅವಳ ಸ್ಕೂಲ್ ಬ್ಯಾಗು ಜಾಲಾಡಿದಳು. ತಳದಲ್ಲಿ ಶೇಂಗಾ ಚಿಕ್ಕಿಯ ಕಾಗದವೊಂದು ಸಿಕ್ಕಿತು.

"ಅದು ಹಳೇದು ಅಪ್ಪ. ನಂದಲ್ಲ, ಪೆನ್ಸಿಲ್ ಚೂರು ಸುತ್ತಿ ಇಟ್ಟಿದ್ದು," ಅಂದಳು.

ನಾನು ಹೊಡೆದೆ. ಕೆನ್ನೆಗೆ. ಅವಳು ಹುಟ್ಟಿದ ಮೇಲೆ ಅದೇ ಮೊದಲು. ಹೊಡೆದ ಕೈ ಮಗಳನ್ನು ಉಳಿಸಿಕೊಳ್ಳಲು ಎತ್ತಿದ ಕೈ ಅಂತ ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ಬಿಟ್ಟು ಅವಳು ಸೀಸೆ ಹಿಡಿದುಕೊಂಡು ಬಂದಳು. ಕಿಟಕಿಯ ಬೆಳಕಿಗೆ ಹಿಡಿದು, "ಅಪ್ಪ, ಇದ್ರೊಳಗೆ ಗಾಜಿಗೆ ಹಿಟ್ಟು ಅಂಟಿದ ಹಂಗಿದೆ ನೋಡು. ಮೊದ್ಲೆಲ್ಲ ಹಿಂಗಿರ್ತಿರ್ಲಿಲ್ಲ. ಔಷಧೀನೇ ಕೆಲ್ಸ ಮಾಡ್ತಿಲ್ಲ ಅನ್ಸ್ತದೆ," ಅಂದಳು.

ನೋಡಿದೆ. ಒಳಗೋಡೆಗೆ ಸಣ್ಣ ಸಣ್ಣ ಬಿಳಿ ಚೂರು ಹತ್ತಿಕೊಂಡಿದ್ದವು. ಮರುದಿನ ಅದನ್ನು ಸುಬ್ಬಯ್ಯನವರ ಹತ್ತಿರ ತೆಗೆದುಕೊಂಡು ಹೋದೆ, ಅಷ್ಟು ಮಾಡಿದೆ. ಅವರು ಕನ್ನಡಕ ಏರಿಸಿ, ಸೀಸೆಯನ್ನು ಎರಡು ಅಂಗೈ ನಡುವೆ ಹೊರಳಿಸಿ, ನೋಡಿದರು. "ಈ ಹಾಲಿನ ಬಣ್ಣದ್ದು ಹಂಗೇ ಮಾರಾಯ, ಕೆಳ್ಗೆ ಕೂರ್ತದೆ. ಹೊರಳಿಸಿ ತಗೋಬೇಕು. ಡೇಟ್ ಇನ್ನೂ ಒಂದು ವರ್ಷ ಇದೆ." ಆಮೇಲೆ ಧ್ವನಿ ಇಳಿಸಿ ಹೇಳಿದರು. "ಆ ವಯಸ್ಸಿಗೆ ಆಸೆ ಜಾಸ್ತಿ ಹರೀಶ. ಜೊತೆ ಮಕ್ಳು ತಿಂತಿರ್ತಾವೆ, ಇವ್ಳೆಂತ ಮಾಡ್ತಾಳೆ ಪಾಪ. ಹೊಡೀಬೇಡ. ನಯವಾಗಿ ಹೇಳು." ಹೇಳುವಾಗ ಅವರ ಕಣ್ಣಿನಲ್ಲಿ ನಿಜವಾದ ಮರುಕವಿತ್ತು.

ಮನೆಗೆ ಬಂದು ನಾನು ನಯವಾಗಿ ಹೇಳಲಿಲ್ಲ. "ಇಪ್ಪತ್ತೆಂಟು ವರ್ಷದಿಂದ ಮೆಡಿಕಲ್ ನಡೆಸ್ದವ್ರಿಗೆ ಗೊತ್ತಾ, ನಿಂಗೆ ಗೊತ್ತಾ? ತಿಂದಿದ್ದು ಒಪ್ಪಿಕೊಳ್ಳೋಕಾಗ್ದೆ ಔಷಧಿ ಮೇಲೆ ಹಾಕ್ತೀಯಾ?" ಅಂದೆ. ಅವಳು ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಆಮೇಲೆ ಆ ಮಾತು ಎತ್ತಲಿಲ್ಲ. ಹೇಳಿದಷ್ಟು ಪಾಯಿಂಟ್ ಚುಚ್ಚಿಕೊಳ್ಳುತ್ತಾ ಹೋದಳು. ಊಟದ ತಟ್ಟೆಯಲ್ಲಿ ಅನ್ನ ಎಷ್ಟಿದೆ ಎಂದು ನಾವಿಬ್ಬರೂ ನೋಡುತ್ತಿದ್ದೆವು. ಅವಳು ಅದರಲ್ಲಿ ಅರ್ಧ ತೆಗೆದು ಪಾತ್ರೆಗೆ ವಾಪಸ್ ಹಾಕುತ್ತಿದ್ದಳು.

ನಮ್ಮ ಮಾತು ಕೇಳಿಕೊಂಡೇ ಅವಳು ಹತ್ತು ವಾರ ಕರಗಿದಳು. ಒಂದು ಸೋಮವಾರ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ವಾಂತಿ ಮಾಡಿಕೊಂಡು ಬಿದ್ದಳು. ಟೀಚರು ಆಟೋದಲ್ಲಿ ಕೊಪ್ಪಕ್ಕೆ ಕರೆದುಕೊಂಡು ಹೋದರು, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ನಾನು ಸೇರಿಕೊಳ್ಳುವಾಗ ಅವಳ ಉಸಿರು ಗೂರಲು ಹಿಡಿದವರ ಹಾಗೆ ಎಳೆಯುತ್ತಿತ್ತು, ಹತ್ತಿರ ಹೋದರೆ ಕೊಳೆತ ಹಣ್ಣಿನ ವಾಸನೆ. ರಕ್ತವೆಲ್ಲ ಹುಳಿಯಾಗಿದೆ, ಎರಡು ದಿನ ಏನೂ ಹೇಳಲಾಗದು ಎಂದರು ಅಲ್ಲಿನ ಡಾಕ್ಟರು.

ಅಲ್ಲಿನ ಇನ್ಸುಲಿನ್ ಹತ್ತಿದ್ದೇ ತಡ, ಸಕ್ಕರೆ ಇಳಿಯತೊಡಗಿತು. ಮರುದಿನ ಡಾಕ್ಟರಮ್ಮ ಬಂದು, ಮನೆಯಲ್ಲಿ ಯಾವುದು ಚುಚ್ಚುತ್ತಿದ್ದಿರಿ ತೋರಿಸಿ ಎಂದರು. ಭವ್ಯಳ ಚೀಲದಲ್ಲಿ ಸೀಸೆ ಇತ್ತು. ಅವರು ಅದನ್ನು ದೀಪಕ್ಕೆ ಹಿಡಿದರು, ಮೆಲ್ಲಗೆ ತಿರುಗಿಸಿದರು. ಒಳಗಿನ ಬಿಳಿ ಚೂರುಗಳನ್ನು ಬಹಳ ಹೊತ್ತು ನೋಡಿದರು.

"ಇದು ಎಲ್ಲೋ ಐಸಾಗಿ ಕರಗಿದೆ. ಇದರಲ್ಲಿ ಔಷಧಿ ಅಂತ ಉಳಿದಿರೋದು ಅಷ್ಟಿಷ್ಟೇ, ಹೆಚ್ಚುಕಡಿಮೆ ನೀರು ಚುಚ್ಚಿದ ಹಾಗೆ. ಫ್ರೀಜರಿನಲ್ಲಿ ಇಟ್ಟಿದ್ರಾ?"

ಭವ್ಯ ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ನನಗೆ ಹನ್ನೆರಡು ಬಾಟಲಿಗಳೂ ಕಣ್ಣೆದುರು ಬಂದು ನಿಂತಿದ್ದವು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಜಯಪುರಕ್ಕೆ ಬಂದೆ. ಸುಬ್ಬಯ್ಯನವರು ಆಗಷ್ಟೇ ಶಟರ್ ಎತ್ತುತ್ತಿದ್ದರು. "ಮಗು ಹೆಂಗಿದೆ ಮಾರಾಯ?" ಎಂದು ಓಡಿ ಬಂದರು. ನಾನು ನೇರ ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ಎಳೆದೆ. ಬಾಟಲಿಗಳ ಹೊಟ್ಟೆಯಲ್ಲಿ ಇನ್ನೂ ಐಸಿನ ಗೆಡ್ಡೆಗಳಿದ್ದವು. ಅವಕ್ಕೆ ತಾಗಿ ಕೂತ ಪೆಟ್ಟಿಗೆಗಳು ಒದ್ದೆಯಾಗಿ ಸೊಟ್ಟಗಾಗಿದ್ದವು. ಹಿಂದೆ, ಎರಡು ಬಾಟಲಿಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದನ್ನು ಕಿತ್ತು, ಪೆಟ್ಟಿಗೆ ಹರಿದು, ಸೀಸೆ ಅಲುಗಾಡಿಸಿದೆ. ಒಳಗಿದ್ದದ್ದು ಅಲುಗಾಡಲಿಲ್ಲ.

"ಹಿಡ್ಕೊಳ್ಳಿ," ಎಂದು ಅವರ ಕೈಯಲ್ಲಿಟ್ಟೆ.

ಹಿಡಿದುಕೊಂಡರು. ಒಮ್ಮೆ ಅಲುಗಾಡಿಸಿದರು, ಮತ್ತೊಮ್ಮೆ. ಬಾಗಿಲಿನ ಥರ್ಮಾಮೀಟರ್ ನೋಡಿದರು. ಬಾಗಿಲ ಬಳಿಯ ತಂಪನ್ನಷ್ಟೇ ಅಳೆಯುವ ಅದು ಏಳು ತೋರಿಸುತ್ತಿತ್ತು. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು.

"ಡಿಗ್ರಿ ಸರಿಯಾಗೇ ಇತ್ತಲ್ಲೋ ಹರೀಶ," ಅಂದರು. ಆಮೇಲೆ, "ಇನ್ಸುಲಿನ್ ಒಯ್ಯೋರು ಹದಿನೇಳು ಜನ," ಅಂದರು.

ಅವರನ್ನು ಬೈಯಲು ಶಿವಮೊಗ್ಗದಿಂದ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಕೊಲೆಗಾರ ಅನ್ನುವ ಮಾತೂ ಅದರಲ್ಲಿತ್ತು. ಬಾಯಿಗೆ ಬರಲಿಲ್ಲ. ಅವರು ತಲೆಯೆತ್ತಿ, ಫ್ರಿಜ್ಜನ್ನು ತೋರಿಸಿದ್ದು ನೀನಲ್ಲವೇ ಎಂದು ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ಅವರ ಕುತ್ತಿಗೆ ಹಿಡಿಯುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ. ಆವತ್ತಿನಿಂದ ಇವತ್ತಿನವರೆಗೂ ಕೇಳಿಲ್ಲ.

ಫ್ರಿಜ್ಜಿನಲ್ಲಿದ್ದ ಅಷ್ಟೂ ಇನ್ಸುಲಿನ್ನನ್ನು ಚೀಲಕ್ಕೆ ತುಂಬಿ ಬೇರೆ ಇಟ್ಟರು. ಅಂಗಡಿ ಮುಚ್ಚಿ ಕೊಪ್ಪಕ್ಕೆ ಹೋದರು. ತಮ್ಮ ಗಿರಾಕಿಗಳನ್ನೆಲ್ಲ ಕಿತ್ತುಕೊಂಡ ಆ ಗಾಜಿನ ಬಾಗಿಲಿನ ಅಂಗಡಿಯಿಂದಲೇ ಹೊಸ ಸೀಸೆಗಳನ್ನು ಪೂರ್ತಿ ಬೆಲೆಗೆ ಕೊಂಡು, ಮನೆ ಮನೆಗೆ ಹೊರಟರು. ಮೂರು ದಿನ ತಿರುಗಿದರು. ಪ್ರತಿ ಮನೆಯಲ್ಲೂ ನಿಂತು, ನನ್ನಿಂದ ಹೀಗಾಗಿದೆ, ಹಳೆಯದನ್ನು ಕೊಡಿ, ಇದನ್ನು ಇಟ್ಟುಕೊಳ್ಳಿ ಎಂದರು.

ಜನ ಅವರನ್ನು ನಂಬಲಿಲ್ಲ. ಈ ಕಥೆಯಲ್ಲಿ ನನಗೆ ಇವತ್ತಿಗೂ ನುಂಗಲಾಗದ ತುತ್ತು ಇದು. ಮೂರು ನಾಲ್ಕು ಮನೆಯವರು ಸಿಟ್ಟಾದರು, ಅದು ನ್ಯಾಯ. ಉಳಿದವರೆಲ್ಲ ಇವರನ್ನೇ ಸಮಾಧಾನ ಮಾಡಿ ಕಳಿಸಿದರು. ಭಂಡಿಗಡಿಯ ವಸಂತಮ್ಮನವರಿಗೆ ಅದೇ ಎರಡು ತಿಂಗಳಲ್ಲಿ ಕಾಲಿನ ಗಾಯ ಕೊಳೆತು, ಬಲಗಾಲಿನ ಮೂರು ಬೆರಳು ತೆಗೆದಿದ್ದರು. ಮೀಟರ್ ಓದಲು ಹೋದಾಗ ನಾನೇ ಕೇಳಿದೆ, ಸುಬ್ಬಯ್ಯನವರು ಬಂದಿದ್ದರಾ ಎಂದು.

"ಬಂದಿದ್ರು ಪಾಪ. ಎಂತೆಂತದೋ ಹೇಳಿದ್ರು. ನಂಗೆ ನಗು ಬಂತು. ಅಂಥ ಮಳೇಲಿ ಔಷಧಿ ಕಾಪಾಡಿ ಕೊಟ್ಟವ್ರು ಅವ್ರು, ಅವ್ರ ಔಷಧಿ ಕೆಡ್ತದಾ? ನಂದೇ ಬಾಯಿ ಚಪಲ ಮಾರಾಯ. ಹಲಸಿನ ಹಣ್ಣು ಎರಡು ತೊಳೆ ಜಾಸ್ತಿ ತಿಂದಿದ್ದೆ," ಅಂದರು ವಸಂತಮ್ಮ, ಬಟ್ಟೆ ಸುತ್ತಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು.

ಹತ್ತು ವಾರ ನಾವೆಲ್ಲ ಸೇರಿ, ನೀನೇ ತಿಂದೆ, ನಿನ್ನದೇ ತಪ್ಪು ಎಂದು ಆ ಕಾಯಿಲೆಯವರಿಗೆ ಎಷ್ಟು ಸಲ ಹೇಳಿದ್ದೆವೆಂದರೆ, ತಪ್ಪು ತನ್ನದು ಎಂದು ತಪ್ಪಿತಸ್ಥನೇ ಬಂದು ಕೈಮುಗಿದರೂ ಅವರು ಬಿಟ್ಟುಕೊಡಲು ತಯಾರಿರಲಿಲ್ಲ.

ಭವ್ಯ ದೂರು ಕೊಡಿ ಎಂದಳು. ಲೈಸೆನ್ಸ್ ಹೋಗಬೇಕು, ಜೈಲಿಗೆ ಹೋಗಬೇಕು ಎಂದಳು. ಕಾಗದ ತೆಗೆದುಕೊಂಡು ಕೂತೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಾ ಹೋದರೆ ಮೂರನೇ ಸಾಲಿಗೇ ನನ್ನ ಹೆಸರು ಬರುತ್ತಿತ್ತು. ನನ್ನ ಹೆಸರು ಬಿಟ್ಟು ಬರೆಯಲು ನೋಡಿದೆ, ವಾಕ್ಯ ನಿಲ್ಲಲಿಲ್ಲ. ಕಾಗದ ಮಡಚಿಟ್ಟೆ. ಹೆದರಿದೆ ಎಂದೇ ತಿಳಿದುಕೊಳ್ಳಿ. ಮತ್ತೊಂದು ದಿನ ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನೋಡಿದೆ. ಆ ಬಾಟಲಿಗಳ ಉಪಾಯದಿಂದ ಉಳಿದದ್ದು ತಿಂಗಳಿಗೆ ಹನ್ನೊಂದು ಯೂನಿಟ್. ಉಳಿದ ಉಳಿತಾಯವೆಲ್ಲ ದೀಪ, ಹೆಂಚು, ರಬ್ಬರಿನದ್ದು. ಹನ್ನೊಂದು ಯೂನಿಟ್ ಅಂದರೆ ಅಂಗಡಿಯ ದರದಲ್ಲಿ ನೂರು ರೂಪಾಯಿಯ ಆಸುಪಾಸು. ನಾನು ಕೊಡಿಸಿದ ಕಾಫಿ, ಬನ್ಸಿಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚಾಗಿತ್ತು.

ನಿಶ್ಚಿತಾ ಒಂಬತ್ತನೇ ದಿನ ಮನೆಗೆ ಬಂದಳು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ, ಆದರೆ ಬದುಕಿ ಬಂದಳು. ಎಲ್ಲವನ್ನೂ ಅವಳಮ್ಮನೇ ಅವಳಿಗೆ ಹೇಳಿದಳು, ಬಾಟಲಿಗಳ ವಿಷಯ, ಹದಿನೇಳು ಜನರ ವಿಷಯ. ಅವಳು ಕೇಳಿಸಿಕೊಂಡಳಂತೆ, ಒಂದೂ ಪ್ರಶ್ನೆ ಕೇಳಲಿಲ್ಲವಂತೆ. ನಾನು ಅವಳ ಹಾಸಿಗೆಯ ಹತ್ತಿರ ಕೂತು, ಎಳನೀರು ಬೇಕಾ, ಗಂಜಿ ಬೇಕಾ ಎಂದು ಕೇಳುತ್ತಿದ್ದೆ. ಬೇಕು, ಬೇಡ ಎಂದಷ್ಟೇ ಉತ್ತರ. ಹೊಡೆದದ್ದರ ಬಗ್ಗೆ ಬಾಯಿ ಬಿಡಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಸುಸ್ತಾಗಿದ್ದಾಳೆ, ನಾಳೆ ಹೇಳೋಣ ಎಂದು ಮುಂದೂಡುತ್ತಿದ್ದೆ.

ಆ ಭಾನುವಾರ ಸುಬ್ಬಯ್ಯನವರು ನಮ್ಮ ಮನೆಗೆ ಬಂದರು. ಹದಿನಾರು ಮನೆ ಮುಗಿಸಿ, ನಮ್ಮದನ್ನು ಕೊನೆಗೆ ಇಟ್ಟುಕೊಂಡಿದ್ದರು. ಒಳಗೆ ಬನ್ನಿ ಎಂದು ಭವ್ಯ ಕರೆಯಲಿಲ್ಲ. ಅವರೂ ಜಗಲಿಯ ಮೆಟ್ಟಿಲು ಹತ್ತಲಿಲ್ಲ, ಅಂಗಳದಲ್ಲೇ ನಿಂತರು. ನಿಶ್ಚಿತಾ ಜಗಲಿಯಲ್ಲಿ ಕುರ್ಚಿಯ ಮೇಲೆ ಶಾಲು ಹೊದ್ದು ಕೂತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಪುಟ್ಟಿ," ಅಂದರು ಸುಬ್ಬಯ್ಯನವರು. ಅರವತ್ತು ದಾಟಿದ ಮನುಷ್ಯ, ಹುಡುಗಿಯ ಮುಂದೆ ಎರಡೂ ಕೈ ಜೋಡಿಸಿ, ಭುಜ ಅಲುಗಿಸಿಕೊಂಡು ಅಳತೊಡಗಿದರು. "ನಂದು ತಪ್ಪಾಯ್ತು ಪುಟ್ಟಿ. ನೀನು ಸೀಸೆ ಕಳಿಸಿದ್ಯಂತೆ. ನಾನು ಕೈಯಲ್ಲಿ ಹಿಡ್ಕೊಂಡೂ ನೋಡ್ಲಿಲ್ಲ."

ನಿಶ್ಚಿತಾ ಕುರ್ಚಿಯಿಂದ ಎದ್ದಳು. ಮೆಟ್ಟಿಲಿನವರೆಗೆ ಹೋಗಿ, ಕಂಬ ಹಿಡಿದುಕೊಂಡು, ಅವರ ಜೋಡಿಸಿದ ಕೈಗಳನ್ನು ಬಿಡಿಸಿದಳು.

"ಅಳ್ಬೇಡಿ ಅಂಕಲ್. ನಿಮ್ಗೆ ಗೊತ್ತಿರ್ಲಿಲ್ಲ. ಬೇಕಂತ ಮಾಡಿದ್ದಲ್ವಲ್ಲ," ಅಂದಳು. "ನೀವು ನಾನು ತಿನ್ತೀನಿ ಅಂದ್ಕೊಂಡ್ರಿ, ಅಷ್ಟೇ. ನಾನು ನಿಮ್ಮನೆಯವಳೇನಲ್ವಲ್ಲ, ನಿಮ್ಗೆ ಹೆಂಗೆ ಗೊತ್ತಾಗ್ಬೇಕು?"

ಅವರು ಕಣ್ಣೊರೆಸಿಕೊಂಡು, ನನ್ನ ಕಡೆಗೆ ನೋಡದೆ, ತಂದಿದ್ದ ಹೊಸ ಸೀಸೆಗಳನ್ನು ಮೆಟ್ಟಿಲಿನ ಮೇಲಿಟ್ಟು ಹೊರಟರು. ನನಗೆ ಒಂದು ಕ್ಷಣ ಎದೆ ಹಗುರವಾಯಿತು. ಅವರನ್ನೇ ಕ್ಷಮಿಸಿದಳಲ್ಲ, ಇನ್ನು ನನ್ನದೇನು ಎಂದುಕೊಂಡು ಅವಳ ಹತ್ತಿರ ಹೋಗಿ ತಲೆಯ ಮೇಲೆ ಕೈಯಿಡಲು ಹೋದೆ.

ಅವಳು ತಲೆಯನ್ನು ಸ್ವಲ್ಪವೇ ಪಕ್ಕಕ್ಕೆ ಸರಿಸಿದಳು. ಸಿಟ್ಟಿನಿಂದ ಅಲ್ಲ.

"ನಾನು ತಿಂದಿಲ್ಲ ಅಂತ ಅವ್ರಿಗೆ ಯಾರೂ ಹೇಳಿರ್ಲಿಲ್ಲ ಅಪ್ಪ," ಅಂದಳು. "ನಿಂಗೆ ನಾನು ಹೇಳಿದ್ದೆ."